ಹಸಿರು ಚೀಟಿಯ ಐದನೇ ಸಾಲು

ಹೆಸರು: ಕ್ಯಾಂಟೀನಿನಲ್ಲಿ ಎಲ್ಲರೂ ಕರೆಯುವುದು ಚೀಟಿ ಮೇಡಂ. ವಯಸ್ಸು: ನಲವತ್ತೆರಡು. ಉದ್ಯೋಗ: ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ವಿಭಾಗದಲ್ಲಿ ಉಪನ್ಯಾಸಕಿ. ವಾಸ: ಸಿಬ್ಬಂದಿ ವಸತಿಗೃಹ, ಎರಡನೇ ಮಹಡಿ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನಿನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೂಪು ಕುಡಿದು ವಿದ್ಯಾರ್ಥಿನಿಯೊಬ್ಬಳು ಕುಸಿದುಬಿದ್ದ ಪ್ರಕರಣದಲ್ಲಿ ತಾವು ಅಡುಗೆಯವರನ್ನು ಕರೆತಂದು ಕೂರಿಸಿದ್ದೀರಿ. ನಿನ್ನೆ ಸ್ಥಳದಲ್ಲಿ ತಾವು ಕೇಳಿದಾಗ, ಅಡುಗೆಮನೆಯ ವ್ಯವಹಾರ ನನಗೆ ಗೊತ್ತಿಲ್ಲ ಎಂದಿದ್ದೆ. ಅದು ಸುಳ್ಳು. ನಡೆದದ್ದು ಹೀಗಿದೆ.

ಹುಡುಗರು ಒಳ್ಳೆಯದನ್ನು ತಿನ್ನಲಿ ಎಂದು ಈ ವರ್ಷದ ಮೊದಲಿಗೆ ಕ್ಯಾಂಟೀನಿನ ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ನಿಲ್ಲಿಸುವ ಯೋಜನೆ ಹಾಕಿದವಳು ನಾನು. ಚೀಟಿಯಲ್ಲಿ ಐದು ಸಾಲುಗಳಿದ್ದವು. ಕ್ಯಾಲೊರಿ, ಕೊಬ್ಬು, ಸಕ್ಕರೆ, ಉಪ್ಪು, ಕೊನೆಯಲ್ಲಿ ಹಾಲು, ಮೊಟ್ಟೆ, ಗೋಡಂಬಿಯಂಥ ಕೆಲವರ ಮೈಗೆ ಆಗದ ವಸ್ತುಗಳು. ಮಿತವಾಗಿದ್ದರೆ ಹಸಿರು ಚೀಟಿ, ಮಿತಿ ಮೀರಿದ್ದರೆ ಕೆಂಪು. ನನ್ನನ್ನು ಕಂಡರೆ ಸಹೋದ್ಯೋಗಿಗಳು ಕರಿದ ಆಲೂಗಡ್ಡೆಯ ತಟ್ಟೆಗೆ ದಿನಪತ್ರಿಕೆ ಮುಚ್ಚುತ್ತಿದ್ದರು. ನನಗೆ ಅದರಿಂದ ಖುಷಿಯೇ ಆಗುತ್ತಿತ್ತು.

ಅಡುಗೆಯವರನ್ನು ಹುಡುಗರೆಲ್ಲ ಮಾವ ಎನ್ನುತ್ತಾರೆ. ಸದರಿ ವಿದ್ಯಾರ್ಥಿನಿ ಎರಡು ವರ್ಷಗಳಿಂದ ಊಟಕ್ಕೆ ಮುಂಚೆ ಬಡಿಸುವ ಕಿಂಡಿಯೊಳಗೆ ತಲೆ ಹಾಕಿ, "ಮಾವ, ಗೋಡಂಬಿ ಬೀಜ ಏನಾದ್ರೂ ಹಾಕಿದೀರಾ?" ಎಂದು ಕೇಳುತ್ತಿದ್ದಳು. ಅವರು ಸೌಟು ಎತ್ತಿ, "ಇಲ್ಲ ಪುಟ್ಟಾ, ಧೈರ್ಯವಾಗಿ ಕುಡಿ" ಎನ್ನುತ್ತಿದ್ದರು. ಇದರಿಂದ ಊಟದ ಸರದಿ ನಿಲ್ಲುತ್ತಿತ್ತು. ಎಲ್ಲವನ್ನೂ ಬಾಯಲ್ಲಿ ಕೇಳಿಕೊಂಡು ಹೋದರೆ ನನ್ನ ಚೀಟಿ ಓದುವವರು ಯಾರು ಎಂಬ ಸಿಡುಕು ನನಗೆ. ಆದ್ದರಿಂದ ಕಿಂಡಿಯ ಮೇಲೆ 'ಕೇಳಬೇಡಿ, ಓದಿ' ಎಂದು ಫಲಕ ಹಾಕಿಸಿದೆ. ಮರುದಿನವೂ ಆಕೆ ತಲೆ ಹಾಕಿದಾಗ ಹತ್ತಿರ ಹೋಗಿ, ಇನ್ನು ಮೇಲೆ ಕೇಳುವುದು ಬೇಡ, ಎಲ್ಲವೂ ಚೀಟಿಯಲ್ಲೇ ಇರುತ್ತದೆ ಎಂದು ಹೇಳಿದೆ. ಆಕೆ ಸರಿ ಮೇಡಂ ಎಂದಳು.

ಮಾವನ ಟೊಮೆಟೊ ಸೂಪಿಗೆ ಕ್ರೀಮ್ ಜಾಸ್ತಿ. ಕೆಂಪು ಚೀಟಿ ಬಿತ್ತು. ಮಾವ ಫೇಲು ಎಂದು ಹುಡುಗರು ಕಾಲೆಳೆದರು, ಪಾತ್ರೆ ಅರ್ಧಕ್ಕರ್ಧ ವಾಪಸ್ಸು ಬರತೊಡಗಿತು. ಅವರು ಮುಖ ಸಣ್ಣದು ಮಾಡಿಕೊಂಡು ಓಡಾಡಿದರು. ಕಳೆದ ಗುರುವಾರ ಮುಚ್ಚಿದ ಬಟ್ಟಲು ಹಿಡಿದು ನನ್ನ ಕೋಣೆಗೆ ಬಂದು, "ಈಗಲಾದ್ರೂ ಪಾಸು ಮಾಡ್ತೀರಾ ನೋಡಿ ಮೇಡಂ" ಎಂದರು. ಕ್ರೀಮ್ ಪೂರ್ತಿ ಬಿಟ್ಟು, ಸ್ವಲ್ಪ ಗೋಡಂಬಿ ನೆನೆಸಿ ರುಬ್ಬಿ ಹಾಕಿದ್ದಾಗಿ ತಾವೇ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ನಾನು ಅವರೆದುರೇ ಲೆಕ್ಕ ಹಾಕಿ ಹಸಿರು, ಸೋಮವಾರದಿಂದ ಬಡಿಸಿ ಎಂದೆ. ಅವರು ಮದುವೆ ಮನೆಯವರ ಹಾಗೆ ಸಂಭ್ರಮಪಟ್ಟರು.

ಸೋಮವಾರ, ಅಂದರೆ ನಿನ್ನೆ, ಕುಲಪತಿಗಳು ಯೋಜನೆ ನೋಡಲು ಬರುವವರಿದ್ದರು. ಅವರಿಗೆ ದೂರದಿಂದಲೂ ಕಾಣಲಿ ಎಂದು ಶನಿವಾರ ಎಲ್ಲ ಚೀಟಿಗಳನ್ನೂ ದಪ್ಪ ಅಕ್ಷರದಲ್ಲಿ ಹೊಸದಾಗಿ ಮುದ್ರಿಸಿದೆ. ದಪ್ಪ ಅಕ್ಷರಕ್ಕೆ ಐದು ಸಾಲು ಹಿಡಿಸಲಿಲ್ಲ. ಐದನೆಯದನ್ನು ತೆಗೆದೆ. ಯಾರೂ ಹೇಳಿಕೊಡಲಿಲ್ಲ, ಯಾರನ್ನೂ ಕೇಳಲಿಲ್ಲ. ತೆಗೆಯುವಾಗ ಗೋಡಂಬಿ ನೆನಪಿಗೆ ಬಂದಿತ್ತು. ಕುಲಪತಿಗಳು ಬಂದುಹೋಗಲಿ, ಆಮೇಲೆ ಬೇರೆ ಚೀಟಿ ಮಾಡಿಸಿದರಾಯಿತು ಎಂದುಕೊಂಡೆ. ಐದನೇ ಸಾಲು ಬಿಟ್ಟ ವಿಷಯವನ್ನು ಮಾವನಿಗೂ ತಿಳಿಸಲಿಲ್ಲ.

ನಿನ್ನೆ ಮಧ್ಯಾಹ್ನ ಸುಮಾರು ಒಂದು ಗಂಟೆ ಹತ್ತು ನಿಮಿಷಕ್ಕೆ ನಾನು ಕಂಬದ ಪಕ್ಕ, ಸೂಪಿನ ಪಾತ್ರೆಯಿಂದ ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಆ ಹುಡುಗಿ ಹಸಿರು ಚೀಟಿಯ ಮುಂದೆ ನಿಂತಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಚೀಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಒಮ್ಮೆ ಕಿಂಡಿಯ ಕಡೆ ನೋಡಿ, ಮೇಲಿನ ಫಲಕ ನೋಡಿ, ಬಟ್ಟಲು ತೆಗೆದುಕೊಂಡಳು. ಇಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಚೀಟಿ ಓದಿದವರ ಲೆಕ್ಕಕ್ಕೆ ಅವಳ ಹೆಸರಿನಲ್ಲೂ ಒಂದು ಗೀಟು ಹಾಕಿಕೊಂಡು, ಕುಲಪತಿಗಳು ಬಂದರೇನೋ ಎಂದು ಬಾಗಿಲ ಕಡೆ ತಿರುಗಿದೆ.

ಕೆಲವೇ ನಿಮಿಷಗಳಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಅವಳ ತುಟಿ ಊದಿತ್ತು, ಉಸಿರು ಸಿಕ್ಕಿಹಾಕಿಕೊಂಡಿತ್ತು. ಗೆಳತಿ ಅವಳ ಚೀಲದಲ್ಲಿ ಇದಕ್ಕೆಂದೇ ಇದ್ದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. ಮಾವ ಕಿಂಡಿ ಹಾರಿ ಬಂದು, ಅವಳನ್ನು ಎತ್ತಿಕೊಂಡು ತರಕಾರಿ ತರುವ ವ್ಯಾನಿಗೆ ಓಡಿದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲರೂ ಹೊರಗೆ ಓಡಿದಾಗ ನಾನು ಪಾತ್ರೆಯ ಹತ್ತಿರ ಹೋಗಿ ಹಸಿರು ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. ತಾವು ಬರುವ ಹೊತ್ತಿಗೆ ಅಲ್ಲಿ ಚೀಟಿ ಇರದಿದ್ದುದಕ್ಕೆ ಇದೇ ಕಾರಣ. ಅದನ್ನು ಈ ಹೇಳಿಕೆಯೊಂದಿಗೆ ಒಪ್ಪಿಸಿದ್ದೇನೆ.

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಆಸ್ಪತ್ರೆಗೆ ಹೋದೆ. ಹುಡುಗಿಗೆ ಹಾಕಿದ್ದ ಉಸಿರಾಟದ ಯಂತ್ರ ತೆಗೆದಿದ್ದಾರೆ, ತಾನಾಗಿ ಉಸಿರಾಡುತ್ತಿದ್ದಾಳೆ, ಇನ್ನೂ ಕಣ್ಣು ಬಿಟ್ಟಿಲ್ಲ. ಹೊರಗೆ ಅವಳ ತಾಯಿ ಕುಳಿತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಸರಿದು ಜಾಗ ಕೊಟ್ಟು, "ನನ್ನ ಮಗಳು ತುಂಬಾ ಹುಷಾರಿ ಕಣ್ರೀ. ಚಿಕ್ಕಂದಿನಿಂದ ಕೇಳದೆ ಏನೂ ಬಾಯಿಗಿಟ್ಟವಳಲ್ಲ. ನಿನ್ನೆ ಯಾಕೆ ಕೇಳ್ಲಿಲ್ಲವೋ, ನನಗಂತೂ ಅರ್ಥ ಆಗ್ತಿಲ್ಲ" ಎಂದರು. ನನಗೆ ಅರ್ಥವಾಗಿತ್ತು. ಎದ್ದು ನೇರವಾಗಿ ಇಲ್ಲಿಗೆ ಬಂದೆ.

ಠಾಣೆಯ ಬೆಂಚಿನ ಮೇಲೆ ಮಾವ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಮಗು ಹೇಗಿದೆ ಎಂದು ಕೇಳಿದರು. ಹೇಳಿದೆ. ಅವರು ಮತ್ತೆ ಬೆಂಚಿಗೆ ಕುಳಿತು, "ನೀವ್ಯಾಕೆ ಬರೋಕೆ ಹೋದ್ರಿ ಮೇಡಂ? ಗೋಡಂಬಿ ಹಾಕಿದ್ದು ನಾನೇ ಅಂತ ಬರೆಸಿಬಿಟ್ಟಿದೀನಿ" ಎಂದರು. ಹಾಕಿದ್ದು ಅವರೇ ಹೌದು. ಹಾಕಿದ್ದನ್ನು ಹೇಳಿಯೂ ಇದ್ದರು, ಹೇಳಿದ್ದು ನನಗೆ. ಕೇಳುವವಳ ಬಾಯಿ ಮುಚ್ಚಿಸಿದವಳು ನಾನು, ಓದುವವಳಿಂದ ಸಾಲು ಕಿತ್ತುಕೊಂಡವಳೂ ನಾನೇ. ಆದ ಕಾರಣ ಅವರನ್ನು ಮನೆಗೆ ಕಳುಹಿಸಿ, ನನ್ನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ಬರೆದುಕೊಳ್ಳುತ್ತಿದ್ದ ಪೇದೆಯವರು ಹಾಳೆ ಮುಗಿಯುತ್ತಾ ಬಂತು, ಸ್ವಲ್ಪ ಚಿಕ್ಕದಾಗಿ ಹೇಳಿ ಎಂದರು. ಇನ್ನೊಂದು ಹಾಳೆ ತೆಗೆದುಕೊಳ್ಳಲು ವಿನಂತಿಸಿದೆ. ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ. ಇದರಲ್ಲಿ ಜಾಗ ಸಾಲದೆಂದು ಯಾವ ಸಾಲನ್ನೂ ಬಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, ಬೆಳಿಗ್ಗೆ 11.40
ಸಹಿ: (ಚೀಟಿ ಮೇಡಂ)