ನಾನೇ ಹಾಕಿದ ಮೋಟಾರ್ ಸೈಕಲ್ ಟೈರು

ಅಲ್ಲ ಕಣ್ರೋ ಮೊಮ್ಮಕ್ಳಾ, ಟೈರ್ ಹಾಕೋನು ಬರ್ಲಿ ಅಂತ ಕಾದಿದ್ರೆ ಅವತ್ತು ನನ್ ಮಾನ ಹೋಗದು. ನನ್ ತಂಗಿ ಮದ್ವೆ, ಕಲ್ಯಾಣದುರ್ಗದಾಗೆ. ಧಾರೆ ಸೀರೆ ನಾನೇ ನೇಯ್ದು ತತ್ತೀನಿ ಅಂತ ಮಾತು ಕೊಟ್ಬುಟ್ಟಿದ್ದೆ. ಎರಡನೇ ಮಹಾಯುದ್ಧ ಮುಗಿದಿದ್ರೂ ನೂಲಿಗೆ ಬರ ನೋಡು, ಅಲೆದು ಅಲೆದು ತಂದು, ಸೀರೆ ಮಗ್ಗದಿಂದ ಇಳಿದಿದ್ದೇ ಮದ್ವೆ ಹಿಂದಿನ್ ದಿನ ಬೆಳಿಗ್ಗೆ. ಹಿಂದೂಪುರದಿಂದ ಅಲ್ಲಿಗೆ ಹೋಗೋ ಬಸ್ಸು ಹೊಂಟೋಗಿತ್ತು. ಬಸ್ಸಂದ್ರೆ ಪೆಟ್ರೋಲಿಲ್ದೆ ಇದ್ದಲು ಉರಿಸಿ ಓಡ್ಸೋ ಬಸ್ಸು ಕಣಮ್ಮ, ಏರು ಬಂದ್ರೆ ನಾವೇ ಇಳಿದು ತಳ್ಬೇಕು, ಅದಿರ್ಲಿ. ಸೀರೆ ಯಾಪಾರಕ್ಕೆ ಅಂತ ನಿಮ್ ತಾತ ಮಿಲ್ಟ್ರಿಯೋರು ಮಾರಿದ್ದ ಮೋಟಾರ್ ಸೈಕಲ್ ತಂದಿದ್ರು. ನೋಡಿದ್ರೆ ಹಿಂದಿನ್ ಟೈರು ಹರಿದು ಟ್ಯೂಬು ಇಣುಕ್ತಾ ಐತೆ! ಸರ್ಕಾರದ ಪರ್ಮಿಟ್ ಮೇಲೆ ತಂದ ಹೊಸ ಟೈರು ಅಟ್ಟದ ಮೇಲಿತ್ತು, ಹಾಕೋನು ಊರಾಗಿಲ್ಲ.

"ಈಗೇನೇ ಮಾಡೋದು?" ಅಂದ್ರು ನಿಮ್ ತಾತ. "ಏನ್ ಮಾಡೋದು, ಚಕ್ರ ಬಿಚ್ರಿ" ಅಂದೆ. ನಮ್ಮತ್ತೆಗೆ ಸಿಟ್ಟು ಬಂದ್ರೆ ತೆಲುಗೇ ಬರೋದು. "ಆಡದಾನಿಕಿ ಇದೇಂ ಪನೇ?" ಅಂತ ಶುರು ಹಚ್ಕೊಂಡ್ರು, ಹೆಂಗಸಿಗೆ ಇದೇನ್ ಕೆಲ್ಸ ಅಂತ. ನಾನು "ಅತ್ತೆ, ಎರಡು ಕಬ್ಬಿಣದ ಸಟ್ಟುಗ ಕೊಡಿ" ಅಂದೆ. ಸಟ್ಟುಗದ ಹಿಡಿಗೆ ಬಟ್ಟೆ ಸುತ್ತಿ, ಗಾಳಿ ಬಿಟ್ಟು, ಟೈರ್ ಅಂಚು ತುಳ್ದು ತುಳ್ದು ಸಡ್ಲ ಮಾಡಿ ಮೀಟಿದೆ ನೋಡು, ಹಳೇದು ಬಂದ್ಬುಡ್ತು. ಹೊಸದು ಮಾತ್ರ ಜಪ್ಪಯ್ಯ ಅಂದ್ರೂ ಕೂರ್ವಲ್ದು. ನಿಮ್ ತಾತ ಹಾಸಿಗೆ ಹಾಕೋ ಗಂಜಿ ತಂದು ಅಂಚಿಗೆ ಬಳಿದ್ರು. ಹಾಸು ಅಂದ್ರೆ ಮಗ್ಗದ ಉದ್ದನೆ ಎಳೆ, ಮಲ್ಗೋ ಹಾಸಿಗೆ ಅಲ್ಲ! ಗಂಜಿ ಕುಡಿದ್ರೆ ಎಳೆ ಎಷ್ಟು ನುಣುಪು, ಟೈರೂ ಅಂಗೇ ಜಾರ್ತದೆ ಅಂತ ಅವ್ರ ಲೆಕ್ಕ. ಜಾರ್ತು, ಸರಿ. ಉಂಡು ಬಂದು ಗಾಳಿ ಹೊಡಿಯಾಣ ಅಂತ ಕೂತ್ವಿ. ಆ ಬಿಸ್ಲಿಗೆ ಗಂಜಿ ಒಣಗಿ ಟೈರು ಒಂದು ಕಡೆ ಅಂಟ್ಕೊಂಬುಡ್ತು! ಗಾಳಿ ಹೊಡೆದ್ರೆ ಟೈರು ಸೊಟ್ಟ. ನಂಗೆ ಅಳು ಬಂದ್ಬುಡ್ತು ಕಣಮ್ಮ, ತಂಗಿ ದಾರಿ ನೋಡ್ತಾ ಇರ್ತಾಳಲ್ಲ.

ಆಮೇಲೆ ಗಾಳಿ ಬಿಟ್ಟು, ಬಿಸಿನೀರು ಸುರ್ದು ಟೈರ್ ಬಿಡಿಸಿ ತೊಳ್ದು, ಸೋಪಿನ ನೀರು ಹಚ್ಚಿ ಮತ್ತೆ ಹಾಕಿದೆ. ಗಾಳಿ ಹೊಡೆದ್ರೆ ಟೈರ್ ಅಂಚಿನ ಗೆರೆ ಸುತ್ತ ಸಮವಾಗಿ ಕೂತ್ಕೊಂತು. ನಿಮ್ ತಾತ ಹೊಂಡಾಣ ಅಂದ್ರು. "ಸುಮ್ಕಿರ್ರಿ, ತೂಕ ನೋಡ್ಬೇಕು" ಅಂದೆ. ನೂಲು ಸುತ್ತೋ ರಾಟೆ ಒಂದು ಕಡೆ ಭಾರ ಆದ್ರೆ ಎಳೆ ಕಿತ್ಕೊಂತದೆ, ಅದು ನಂಗೆ ಗೊತ್ತಿಲ್ವಾ? ಚಕ್ರದ ನಡುವಿನ ಅಚ್ಚನ್ನ ಎರಡು ಎತ್ತರದ ಮಣೆ ಮೇಲಿಟ್ಟು ಚಕ್ರ ಮೆಲ್ಲಕ್ಕೆ ತಿರುಗಿಸ್ದೆ. ಯಾವ ಕಡೆ ಭಾರವೋ ಅದು ಕೆಳಕ್ಕೆ ಬಂದು ನಿಂತ್ಕೊಂತದೆ. ಅದರ ಎದುರಿನ ಕಡ್ಡಿಗೆ ತಂತಿ ಸುತ್ತಿದೆ, ತಿರುಗಿಸ್ದೆ, ಇನ್ನೊಂದು ಸುತ್ತು ಹಾಕ್ದೆ. ಕೊನೆಗೆ ಎಲ್ಲಿ ಬಿಟ್ರೆ ಅಲ್ಲೇ ನಿಂತ್ಕೊಂತು. ನಮ್ಮತ್ತೆ ತೆಲುಗು ನಿಲ್ಸಿ, "ನಿಂತ್ಕೊಂತು ಕಣೋ!" ಅಂತ ಕನ್ನಡದಾಗೇ ಕೂಗಿದ್ರು.

ನಿಮ್ ತಾತ ಚಕ್ರ ಗಾಡಿಗೆ ಬಿಗಿದ್ರು, ನಾನು ಸೀರೆ ಗಂಟು ಮಡ್ಲಾಗಿಟ್ಕೊಂಡು ಹಿಂದೆ ಕೂತೆ. ದಾರ್ಯಾಗೆ ಸೋಮಂದೇಪಲ್ಲಿ ದಾಟಿದ್ರೂ ಚಕ್ರ ಒಂಚೂರು ಅದುರ್ಲಿಲ್ಲ. ಕಲ್ಯಾಣದುರ್ಗದಾಗೆ ಇಳಿದ್ರೆ ತಂಗಿ ಓಡಿ ಬಂದು ಗಂಟನ್ನ ಎದೆಗವಚ್ಕೊಂಡ್ಳು. ಗಂಡಿನ ಕಡೆಯೋರು "ಹೊಸ ಟೈರು, ಯಾರು ಹಾಕಿದ್ದು?" ಅಂತ ಕೇಳಿದ್ರು. ನಿಮ್ ತಾತ ಅಷ್ಟು ಜನದ ಮುಂದೆ, "ನಮ್ಮೋಳು" ಅಂದ್ರು. ಎಷ್ಟು ಹಿಗ್ಗಿದ್ನೋ ನಾನು! ಅದ್ಕೇ ಹೇಳೋದು, ಕೆಟ್ಟಿದ್ದರ ಮುಂದೆ ಕೈ ಕಟ್ಕೊಂಡು ಕೂರ್ಬ್ಯಾಡ್ರಿ, ಮೊದ್ಲು ಬಿಚ್ಚಿ ನೋಡ್ರಿ. ಏಳ್ರಿ ಈಗ, ಮುದ್ದೆ ಆರೋಯ್ತದೆ.