ಸಿಂಗಾಪುರದಲ್ಲಿ ಇಷ್ಟಲಿಂಗ ಬಚ್ಚಿಟ್ಟ ಬಗ್ಗೆ

ಶೈಲಜಾ ಕೋಂ ದುಂಡಪ್ಪ ಕರಡಿಗುದ್ದಿ, ವಯಸ್ಸು 43, ಉದ್ಯೋಗ ಮನೆಗೆಲಸ, ಸಾ: ಮುರಗೋಡ, ತಾ: ಸವದತ್ತಿ.

ನಾನು ಖುದ್ದಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ ದುಂಡಪ್ಪ ಮುರಗೋಡದಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಿದ್ದರು. ಹೆಚ್ಚು ಮಾಲು ಮಾರಿದ ವ್ಯಾಪಾರಸ್ಥರನ್ನು ಕಂಪನಿಯವರು ಸಿಂಗಾಪುರ ನೋಡಲು ಕರೆದೊಯ್ದಾಗ ನಾವಿಬ್ಬರೂ ಹೋದೆವು. ಬೈಲಹೊಂಗಲದ ವ್ಯಾಪಾರಿ ಸುಭಾಸ ಸೋಮಪ್ಪ ಇಂಚಲ ಸಹ ಬಂದಿದ್ದನು. ನನ್ನ ಗಂಡ ಇಷ್ಟಲಿಂಗ ಮೈಮೇಲಿಲ್ಲದೆ ಹನಿ ನೀರು ಬಾಯಿಗೆ ಹಾಕುವವರಲ್ಲ. ಇದಕ್ಕೇ ಸುಭಾಸ ಬಸ್ಸಿನಲ್ಲಿ ಅವರನ್ನು ಸ್ವಾಮ್ಯಾರು ಎಂದು ಗೇಲಿ ಮಾಡುತ್ತಿದ್ದನು.

ದಿನಾಂಕ 12-5-2004 ರಂದು ಸಂಜೆ 4 ಗಂಟೆಗೆ ರೋಪ್‌ವೇ ಹತ್ತುವ ಮುಂಚೆ, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ತೆಗೆದು ಟ್ರೇಯಲ್ಲಿಡುವಂತೆ ತಪಾಸಣೆಯವರು ಕೈಸನ್ನೆ ಮಾಡಿದರು. ನನ್ನ ಗಂಡ ಆಚೆ ಬರುವಷ್ಟರಲ್ಲಿ ಟ್ರೇ ಖಾಲಿಯಾಗಿತ್ತು. ಅವರು ಮೊಣಕಾಲೂರಿ ಬೆಂಚುಗಳ ಕೆಳಗೆಲ್ಲ ತಡಕಾಡಿದರು. ಸುಭಾಸ ನಗುತ್ತಾ ಅದನ್ನು ವಿಡಿಯೋ ತೆಗೆದನು.

ಅಂದಿನಿಂದ ಅವರು ಊಟ, ನೀರು, ಬಿ.ಪಿ. ಗುಳಿಗೆ ಯಾವುದನ್ನೂ ಮುಟ್ಟಲಿಲ್ಲ. ನನ್ನ ಲಿಂಗವನ್ನೇ ಪೂಜಿಸಿ ನೀರಾದರೂ ಕುಡಿಯಿರಿ ಎಂದು ಕಾಲು ಹಿಡಿದೆನು. ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ ಎಂದರು. ಮರುದಿನ ಭಾಷೆ ಬಾರದ ಊರಲ್ಲಿ ಹಿಂದೆ ಉಳಿಯಲು ಹೆದರಿ ಅವರೂ ಬಸ್ ಹತ್ತಿದರು. ಉರಿಬಿಸಿಲಲ್ಲಿ ಹಕ್ಕಿಗಳ ತೋಟ ತಿರುಗಿದೆವು. ಅಲ್ಲಿ ನನ್ನ ಗಂಡ ಕೈಮುಗಿದು, "ಸುಭಾಸಪ್ಪಾ, ನಿನ್ನ ಕಡೆ ಇದ್ದರ ಕೊಡೋ ಯಪ್ಪಾ, ನನ್ನ ಜೀವ ಹೋಗಾಕ ಹತ್ತೈತಿ" ಅಂದರು. ಅವನು ಕ್ಯಾಮೆರಾ ಇಳಿಸಲಿಲ್ಲ. "ಇನ್ನೊಮ್ಮೆ ಅನ್ರಿ, ಮಾರಿ ಸರಿ ಬಂದಿಲ್ಲ" ಅಂದನು. ನನ್ನ ಗಂಡ ಬಿಸಿಲಿಗೆ ಮುಖ ತಿರುಗಿಸಿ ಇನ್ನೊಮ್ಮೆ ಅಂದರು. ಬಸ್ಸಿನವರೆಲ್ಲ ನಕ್ಕರು.

ಮಧ್ಯಾಹ್ನ ಸುಮಾರು 3-30 ಕ್ಕೆ, ಬಾಯಿಂದ ನೀರು ಚಿಮ್ಮಿಸುವ ಸಿಂಹದ ಮೂರ್ತಿಯ ಎದುರು ಅವರು ಕುಸಿದು ಬಿದ್ದರು. ನಾನು ಬೊಗಸೆಯಲ್ಲಿ ನೀರು ಹಿಡಿದೆನು. ಎಚ್ಚರವಿತ್ತು, ತುಟಿ ಬಿಗಿದುಕೊಂಡರು. ಸುಭಾಸ ಆಗಲೂ ಕ್ಯಾಮೆರಾ ಹಿಡಿದು ನನಗೆ, "ಸರೀರಿ ವೈನಿ, ಕಾಣವಲ್ದು" ಅಂದನು.

ಆಸ್ಪತ್ರೆಯಲ್ಲಿ ಜೀವ ಹೋಗಿದೆ ಎಂದು ತಿಳಿಸಿದ ಮೇಲೆ ಸುಭಾಸ ತನ್ನ ಕ್ಯಾಮೆರಾ ಚೀಲದಿಂದ ಕರಡಿಗೆ ತೆಗೆದುಕೊಟ್ಟನು. ಚ್ಯಾಷ್ಟಿಗೆ ಮಾಡಿದ್ದು, ರಾತ್ರಿ ಕೊಡುವವನಿದ್ದೆ ಎಂದನು. ಚ್ಯಾಷ್ಟಿಯಂತೆ! ದಿನಾಂಕ 17 ರಂದು ಮುರಗೋಡದಲ್ಲಿ ಅದೇ ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು.

ಮೊನ್ನೆ ಸುಭಾಸ ಮನೆಗೆ ಬಂದು, ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಬರೆದಿದ್ದಾರೆ, ನೀವು ಕಂಪ್ಲೇಂಟ್ ಕೊಟ್ಟರೂ ನಡೆಯುವುದಿಲ್ಲ ಎಂದನು. "ಹೇಣ್ತಿ ಆಗಿ ನೀವ ಬಾಯಿ ತಗದು ನೀರು ಸುರೀಬೇಕಿತ್ತು" ಅಂದನು. ಇಷ್ಟು ದಿನದಲ್ಲಿ ಅವನು ಆಡಿದ ನಿಜ ಇದೊಂದೇ. ಸುರಿದಿದ್ದರೆ ನನ್ನ ಗಂಡ ಮತ್ತೆಂದೂ ನನ್ನ ಮುಖ ನೋಡುತ್ತಿರಲಿಲ್ಲ. ಆದರೆ ಬದುಕಿರುತ್ತಿದ್ದರು.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಮುರಗೋಡ
ದಿನಾಂಕ: 30-5-2004
ಸಹಿ: ಶೈಲಜಾ ದುಂಡಪ್ಪ ಕರಡಿಗುದ್ದಿ