ಮುಚ್ಚಿದ ಮನೆಯ ಬೂಷ್ಟು

…ಬೇಡ, ಬೇಡ, ಬರಿಗೈಯಲ್ಲಿ ಮುಟ್ಬೇಡ ರಮ್ಲತ್! ಗ್ಲೌಸ್ ಹಾಕ್ಕೋ ಮೊದಲು. ಮಾಸ್ಕ್ ಮೇಲೆ ಎಳಿ, ಮೂಗು ಹೊರಗೆ ಉಂಟು. ಭಟ್ಕಳದಿಂದ ಬಂದು ಆರು ದಿನ ಆಗ್ಲಿಲ್ಲ, ಬತೂಲ್ ನಮ್ಮ ಮನೆಯಲ್ಲಿ ಮೂತಿಗೆ ನೆಬ್ಯುಲೈಸರ್ ಕಟ್ಕೊಂಡು ಕಾರ್ಟೂನ್ ನೋಡ್ತಾ ಕೂತಿದ್ದಾಳೆ. ಈಗ ನೀನೂ ಕೆಮ್ಮಿ ಮಲಗಿದ್ರೆ ತಾಯಿ ಮಗಳನ್ನು ನೋಡುದು ಯಾರು? ನಾನೇ ಅಲ್ವಾ. ಕೆಳಗಿನ ಮನೆಯ ರತ್ನಕ್ಕ ಯಾವಾಗ್ಲೂ ಪುಕ್ಕಟೆ… ನಗ್ಲಿಲ್ವಾ? ನಗ್ಲಿಕ್ಕೇ ಹೇಳಿದ್ದು ಮಾರಾಯ್ತಿ. ಮಾಸ್ಕಿನ ಒಳಗೆ ನಗ್ತಿಯೋ ಅಳ್ತಿಯೋ ಒಂದೂ ಗೊತ್ತಾಗುದಿಲ್ಲ.

ಥೂ, ಇಲ್ಲಿ ನೋಡು. ಇದು ನಿನ್ನ ಫವಾಝ್‌ನ ಬೂಟಾ? ಬೆಕ್ಕಿನ ಮರಿ ಅಂತ ಗ್ರಹಿಸಿದೆ ನಾನು. ಬೂಟಿಗೆ ರೋಮ ಬಂದಿದೆ! ಬೆಳ್ಳಗೆ, ಮೆತ್ತಗೆ… ಊದಿದ್ರೆ ಹಾರ್ತದೆ. ಛೀ, ಊದ್ಬಾರ್ದಿತ್ತು. ಹಾಕು ಚೀಲಕ್ಕೆ. ಈ ಬೆಲ್ಟೂ ಹಾಕು. ಈ ವ್ಯಾನಿಟಿ ಬ್ಯಾಗ್… ಒಳಗೆ ನೋಡ್ಬೇಡ, ನೋಡ್ಬೇಡ ಅಂದೆ ಅಲ್ವಾ? ನೋಡಿದಿ. ಈಗ ಮಧ್ಯಾಹ್ನ ಊಟ ಸೇರುದಿಲ್ಲ ನಿನಗೆ. ನನಗೆ ಎರಡು ದಿನದಿಂದ ಸೇರ್ತಿಲ್ಲ. ನಿನ್ನೆ ತಟ್ಟೆ ಮುಂದೆ ಕೂತ್ರೆ ಬಿಸಿ ಅನ್ನದಲ್ಲೂ ಇದೇ ವಾಸನೆ. ಒದ್ದೆ ಗೋಣಿಯಲ್ಲಿ ಹಳಸಿದ ಗಂಜಿ ಕಟ್ಟಿಟ್ಟ ಹಾಗೆ. ತಟ್ಟೆ ಸರಿಸಿ ಎದ್ದೆ.

ಗೋಡೆಗೆ ಬ್ಲೀಚ್ ನಾನು ಹಚ್ತೇನೆ, ನೀನು ದೂರ ನಿಲ್ಲು. ಕೆಳಗೆ ಚುಕ್ಕೆ ಚುಕ್ಕೆ, ರಾಗಿ ಚೆಲ್ಲಿದ ಹಾಗೆ. ಮಂಚದ ಹಿಂದೆ ಎಲ್ಲ ಸೇರಿ ಒಂದೇ ಕಪ್ಪು. ಒರೆಸಿದ್ರೆ ಕೊಳೆತ ಬಾಳೆಹಣ್ಣಿನ ಸಿಪ್ಪೆ ಜಾರಿದ ಹಾಗೆ ಜಾರ್ತದೆ. ಅಯ್ಯಪ್ಪ! ಇರು, ಉಸಿರು ಬಿಡ್ತೇನೆ. ಎಂತ ಜನ ಮಾರಾಯ್ತಿ, ಈ ಬಿಲ್ಡಿಂಗಿನವರು? ಗೋಡೆಯ ಒಳಗೆ ಪೈಪು ಸೋರ್ತಿರ್ತದೆ, ವಾಚ್‌ಮನ್ ಕಣ್ಣು ಮುಚ್ಚಿ ಕೂರ್ತಾನೆ. ಬೇಲಿಯೇ ಎದ್ದು ಹೊಲ ಮೇಯುದು ಅಂದ್ರೆ ಇದೇ. ಅಲ್ಲ, ಪೈಪು ಸೋರ್ತದೆ ಅಂತ ಯಾರೂ ಹೇಳ್ಲಿಲ್ಲ, ನಾನೇ ಹೇಳುದು. ಇಲ್ಲದಿದ್ರೆ ಇಷ್ಟು ಒದ್ದೆ ಎಲ್ಲಿಂದ ಬಂತು?

ಇಲ್ಲದಿದ್ರೆ ಈ ಅರಬ್ ದೇಶದ, ಜುಬೈಲಿನ ಹವೆ. ಆಗಸ್ಟಿನಲ್ಲಿ ಸಮುದ್ರ ಬಂದು ಮನೆ ಒಳಗೇ ಕೂರ್ತದೆ, ನಿನಗೆ ಗೊತ್ತಿಲ್ಲದ್ದಾ. ಎರಡು ತಿಂಗಳು ಮುಚ್ಚಿದ ಮನೆ. ಎಂತ ಮಾಡ್ಲಿಕ್ಕಾಗ್ತದೆ?

ಹ್ಞಾ? ನಿಸಾರ್ ಹಾಗಂದನಾ? ಎಸಿ ಓಡ್ತಾ ಇದ್ರೆ ಹೀಗಾಗುದಿಲ್ಲ ಅಂತ? ಎಸಿ ರಿಪೇರಿಯವನಿಗೆ ಎಂತ ಗೊತ್ತು, ಅವನೇನು ಡಾಕ್ಟರಾ? ಅದರ ಮುಚ್ಚಳ ತೆಗೆದಾಗ ನೀನೂ ನೋಡಿದಿ ಅಲ್ವಾ, ಒಳಗೆ ಕಪ್ಪು ಲೋಳೆ ನೇತಾಡ್ತಿತ್ತು. ಅದರ ಗಾಳಿಯನ್ನೇ ಮಗು ಕುಡಿದದ್ದು. ಇಪ್ಪತ್ತಾರು ಡಿಗ್ರಿಗೆ ಇಟ್ಟು ಹೋಗಿದ್ದಿ, ಹೌದು. ಶುಕ್ರವಾರ ಶುಕ್ರವಾರ ಬಂದು ನೋಡ್ತೇನೆ ಅಂತ ನಾನೂ ಹೇಳಿದ್ದೆ. ಬೀಗದ ಕೈ ನನ್ನ ಹತ್ತಿರವೇ ಇತ್ತು. ಬಂದಿದ್ದೇನೆ ಮಾರಾಯ್ತಿ. ಬರ್ಲಿಲ್ಲ ಅಂತ ಯಾರು ಹೇಳಿದ್ದು?

ನಿನ್ನ ಫೋನ್ ಹೊಡ್ಕೊಳ್ತಿದೆ. ಯಾನ್ಬುವಿಂದ ಫವಾಝಾ? ಫ್ಯಾಕ್ಟರಿ ಶಟ್‌ಡೌನ್ ಅಂತ ಎರಡು ತಿಂಗಳಿಂದ ಅಲ್ಲೇ ಇದ್ದಾನೆ, ಕೆಲಸದ ಮಧ್ಯೆ ಬೆಳಿಗ್ಗೆಯಿಂದ ಎಷ್ಟು ಸಲ ಮಾಡುದು ನಿನ್ನ ಗಂಡ? ತೆಗಿ… ಯಾಕೆ ತೆಗಿಯುದಿಲ್ಲ? ಓ. ಇನ್ನೂ ಅದೇ ಮಾತಾ. ನೀನು ಒದ್ದೆ ಟವೆಲ್ ಬೀರುವಿನೊಳಗೆ ತುರುಕಿ ಹೋದಿ, ನಿನ್ನ ಗಡಿಬಿಡಿಯಿಂದ ಮಗುವಿಗೆ ದಮ್ಮು ಬಂತು ಅಂತ? ಅವನ ಅಮ್ಮನೂ ಹಾಗೇ ಹೇಳಿದ್ರಾ? ವಿಡಿಯೋ ಕಾಲಿನಲ್ಲಿ, ಎಲ್ಲರ ಎದುರಿಗಾ?

ಅಳ್ಬೇಡ. ಗ್ಲೌಸಿನ ಕೈಯಲ್ಲಿ ಕಣ್ಣು ಮುಟ್ಬೇಡ, ಇಲ್ಲಿ ತಿರುಗು, ನಾನು ಒರೆಸ್ತೇನೆ. ನೋಡು, ನಿನಗೇ ನೆನಪಿಲ್ಲ ಅಂತಿ. ಅಮ್ಮನಿಗೆ ಆಪರೇಷನ್ ಅಂತ ಫೋನ್ ಬಂತು, ಸಂಜೆಗೇ ದಮ್ಮಾಮಿಂದ ವಿಮಾನ ಹತ್ತಿದಿ. ಒಂದು ಟವೆಲ್ ಎಲ್ಲೋ ಉಳಿದಿರಬಹುದು. ಇರಬಹುದು, ಇಲ್ಲ ಅನ್ಲಿಕ್ಕಾಗುದಿಲ್ಲ. ಮನುಷ್ಯರು ಮರೀತಾರೆ. ಹೌದಪ್ಪ ಮರ್ತೆ ಅಂತ ಹೇಳಿಬಿಡು, ಎರಡು ದಿನ ಬೈದು ಅವನೂ ಸುಮ್ಮನಾಗ್ತಾನೆ… ಯಾಕೆ ಹಾಗೆ ನೋಡ್ತಿ? ಸಮಾಧಾನಕ್ಕೆ ಹೇಳಿದ್ದು ನಾನು.

ಸರಿ, ಕೆಲಸ ನೋಡುವ. ದಿಂಬುಗಳು ಹೊರಗೆ. ಹಾಸಿಗೆ ಹೊರಗೆ. ಡಾಕ್ಟರು ಬರ್ದೇ ಕೊಟ್ಟಿದ್ದಾರಲ್ಲ, ನೀರು ಹೀರುವಂತದ್ದು ಒಂದೂ ಇಡ್ಬೇಡಿ, ಸ್ಟೀಲು, ಗಾಜು ಆದ್ರೆ ತೊಳೆದು ಇಟ್ಕೊಳ್ಳಿ ಅಂತ. ಆ ಮೊಲದ ಗೊಂಬೆ ಹಿಡೀಲಿಕ್ಕೂ ಹೇಸಿಗೆ ಆಗ್ತದೆ, ಹೊಟ್ಟೆ ಒತ್ತಿದ್ರೆ ನೀರು ಬರ್ತದೇನೋ. ಹಾಕು. ಇದು… ಇದು ನಿನ್ನ ಅಮ್ಮ ಹೊಲಿದ ರಜಾಯಿ ಅಲ್ವಾ. ಬತೂಲ್ ಹುಟ್ಟಿದಾಗ ಕಳಿಸಿದ್ದು. ಗೊತ್ತು, ಅದಿಲ್ಲದೆ ಅವಳು ಮಲಗುದಿಲ್ಲ, ಮೂಗಿಗೆ ಒತ್ತಿ ಹಿಡ್ಕೊಂಡೇ ಮಲಗುದು. ಅದಕ್ಕೇ ಹೇಳುದು ನಾನು. ಆ ಮೂಗಿಗೆ ಇದನ್ನು ಇನ್ನೊಮ್ಮೆ ಕೊಡ್ತಿಯಾ? ಅಂಚು ನೋಡು, ಹಸಿರು ಕಟ್ಟಿದೆ. ವಿನೆಗರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿದ್ರೂ ಒಳಗಿನ ಹತ್ತಿಯಿಂದ ಹೋಗುದಿಲ್ಲ ಇದು. ಕೊಡು. ರಮ್ಲತ್, ಕೊಡು… ಎಳಿಬೇಡ, ಹರಿತದೆ. ಆಯ್ತು, ನಿನ್ನ ಹತ್ತಿರವೇ ಇರ್ಲಿ. ಕೊನೆಗೆ ನೋಡುವ.

ನಾನು ಯಾಕೆ ಇಷ್ಟು ಅವಸರ ಮಾಡುದು ಅಂದ್ರೆ? ಅವಸರ ಎಂತದು… ಈ ಹಾಳು ಸಾಮಾನು ಕಣ್ಣ ಮುಂದಿಂದ ಹೋದ್ರೆ ಸಾಕು ಅಂತ. ಗಲೀಜು ನೋಡ್ಲಿಕ್ಕೆ ಆಗುದಿಲ್ಲ ನನಗೆ, ಮೊದಲಿಂದಲೂ ಹಾಗೆ.

ಅಡುಗೆಮನೆ ಒಂದು ಉಳೀತು, ಪುಣ್ಯ. ಒಂದು ಚುಕ್ಕೆ ಇಲ್ಲ ಅಲ್ಲಿ, ನೀನು ಬಿಟ್ಟು ಹೋದ ಹಾಗೇ ಉಂಟು. ಈ ಮಲಗುವ ಕೋಣೆಗೆ ಮಾತ್ರ ಯಾಕೆ ಹೀಗಾಯ್ತು ಅಂತ ನನ್ನನ್ನು ಕೇಳಿದ್ರೆ? ಅಲ್ಲಿ ಟೈಲ್ಸ್, ಇಲ್ಲಿ ಬಣ್ಣದ ಗೋಡೆ. ಅಷ್ಟೇ ಇರ್ಬೇಕು. ಆ ಮೇಜಿನ ಮೇಲೆ ಎಂತ ಉಜ್ತಿದ್ದಿ ಅಷ್ಟು ಹೊತ್ತಿಂದ? ಕಲೆ… ಹೌದು, ದುಂಡಗೆ ಉಂಟು. ಅದೂ ಬೂಷ್ಟೇ. ಸುಟ್ಟದ್ದಲ್ಲ, ಬೂಷ್ಟು ಕೆಲವು ಸಲ ಹಾಗೇ ದುಂಡಗೆ ಬೆಳೀತದೆ. ಬೆರಳಾಡಿಸ್ಬೇಡ ಅದರ ಮೇಲೆ. ಬಿಡು ಅದನ್ನು.

ಬೀರು ಖಾಲಿ ಮಾಡುವ, ಬಾ. ಎಡಗಡೆದು ಆಯ್ತು. ಬಲಗಡೆ ಬಾಗಿಲು ನೀರು ಹೀರಿ ಬಿಗಿದುಕೊಂಡಿದೆ, ನಾನೂ ನೋಡಿದೆ, ಬರುದಿಲ್ಲ. ಇರ್ಲಿ, ಬೀರುವನ್ನೇ ಹಾಗೇ ಎತ್ತಿಸಿ ಬಿಸಾಡುವ… ಅಷ್ಟು ಜೋರು ಎಳಿಬೇಡ. ಕೀಲು ಕಿತ್ತು ಬರ್ತದೆ ರಮ್ಲತ್… ಬಂತಾ.

ಎಂತ ಉಂಟು? ಟವೆಲ್ ಉಂಟಾ? ಇಲ್ವಾ. ಒಳ್ಳೆದಾಯ್ತಲ್ಲ.

ಎಂತ ನೋಡ್ತಿ ಮತ್ತೆ? ಬಾಗಿಲಿನ ಒಳಗಡೆ ಕನ್ನಡಿಯಾ? ಕನ್ನಡಿ ಗಾಜು, ಒರೆಸಿದ್ರೆ ಹೋಗ್ತದೆ. ಇಲ್ಲಿ ಕೊಡು ಬಟ್ಟೆ, ನಾನು…

ಅದು… ಅದೂ ಬೂಷ್ಟು. ಕೆಂಪು ಬೂಷ್ಟೂ ಇರ್ತದಂತೆ.

ಸರಿ, ಬೊಟ್ಟು. ಬೊಟ್ಟು ಅಂತ ಕಾಣ್ತದೆ ನನಗೂ. ನನ್ನದೇ ಇರ್ಬೇಕು. ಶುಕ್ರವಾರ ಬಂದಾಗ ಸೆಖೆ ಅಂತ ಮುಖ ತೊಳ್ದಿರಬಹುದು, ಆಗ ತೆಗೆದು ಅಂಟಿಸಿದ್ದು ಮರ್ತು… ಯಾಕೆ ನನ್ನ ಹಣೆ ನೋಡ್ತಿ? ಹೌದು, ನಾನು ಸಾಸಿವೆಯಷ್ಟು ಕರೀದು ಇಡುದು. ಈ ಕುಂಕುಮ ಬಣ್ಣದ್ದು, ಇಷ್ಟು ದೊಡ್ಡದು ಇಡುದಿಲ್ಲ. ಕೆಲವು ಸಲ ಇಡ್ತೇನೆ… ಇಲ್ಲ. ಇಡುದಿಲ್ಲ.

ಎಣಿಸ್ತಿದ್ದಿಯಾ?

ಹನ್ನೊಂದು ಬೊಟ್ಟು. ನಾನೂ ಈಗಲೇ ಎಣಿಸಿದ್ದು. ಬಚ್ಚಲಿನ ಕನ್ನಡಿ ಒರೆಸಿದ್ದೆ, ನೆಲ ಒರೆಸಿದ್ದೆ, ತಲೆಕೂದಲು ಕೂಡ ಹೆಕ್ಕಿದ್ದೆ. ಈ ಬಾಗಿಲು ತೆಗೆದು ನೋಡ್ಬೇಕು ಅಂತ ಆಗ ಹೊಳೀಲಿಲ್ಲ.

ಎಣಿಸಿದ್ದು ಸಾಕು ರಮ್ಲತ್, ಹೇಳ್ತೇನೆ.

ಇವರ ಅಕ್ಕಂದು. ನನ್ನ ಅತ್ತಿಗೆದು. ದಿನಾ ಸ್ನಾನಕ್ಕೆ ಹೋಗುವ ಮೊದಲು ತೆಗೆದು ಕನ್ನಡಿಗೆ ಅಂಟಿಸುದು, ಬಂದು ಹೊಸದು ಇಡುದು, ಊರಲ್ಲೂ ಅವಳ ಅಭ್ಯಾಸ ಅದು. ಅವಳು, ಭಾವ, ಇಬ್ಬರು ಹುಡುಗಿಯರು, ವಿಸಿಟ್ ವೀಸಾದಲ್ಲಿ ಬಂದಿದ್ರು. ನಮ್ಮದು ಎರಡು ಕೋಣೆಯ ಮನೆ. ನಿನ್ನದು ಖಾಲಿ, ಬೀಗದ ಕೈ ಕೈಯಲ್ಲೇ ಉಂಟು. ಕೇಳ್ಬೇಕಿತ್ತು. ನಿನ್ನ ಅಮ್ಮ ಐಸಿಯುನಲ್ಲಿ ಇರುವಾಗ ಫೋನ್ ಮಾಡಿ ಮನೆ ಕೊಡ್ತಿಯಾ ಅಂತ ಹೇಗೆ ಕೇಳುದು? ಎರಡು ದಿನಕ್ಕೆ ಅಂತ ಮಾಡಿದ್ದು. ಹನ್ನೊಂದಾಯ್ತು.

ಅವಳಿಗೆ ಮಂಡಿ ನೋವು, ಎಸಿ ಗಾಳಿ ಆಗುದಿಲ್ಲ. ಬಂದ ದಿನವೇ ಆರಿಸಿದ್ಲು. ಧೂಳು ಬರ್ತದೆ ಅಂತ ಕಿಟಕಿಯೂ ಮುಚ್ಚಿ. ನಾಲ್ಕು ಜನ ಎರಡೆರಡು ಸಲ ಮೀಯುದು, ಬೈರಾಸು, ಸೀರೆ, ಲಂಗ ಎಲ್ಲ ಇದೇ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುದು. ನಾನು ಬಂದು ನೋಡಿದ್ರೆ ಗೋಡೆ ಬೆವರ್ತಿತ್ತು. ಅಕ್ಕ, ಹೀಗೆ ಮಾಡ್ಬೇಡಿ ಅಂತ ಬಾಯಿಗೆ ಬಂತು, ಹೇಳ್ಲಿಲ್ಲ. ಗಂಡನ ಅಕ್ಕ ಅಲ್ವಾ… ಅಷ್ಟೇ. ಅಷ್ಟೇ ಆದದ್ದು.

ಮತ್ತೆ ಆ ಮೇಜು ಯಾಕೆ ನೋಡ್ತಿ? ಹೇಳಿದೆನಲ್ಲ ಎಲ್ಲ.

ಸುಟ್ಟದ್ದೇ ಅದು, ಕರೆಂಟಿನ ಒಲೆ ಇಟ್ಟು. ನಾನೇ ತಂದುಕೊಟ್ಟದ್ದು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಾರು, ಎಲ್ಲ ಇಲ್ಲೇ, ಈ ಮೇಜಿನ ಮೇಲೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ. ಹೇಳುದಿಲ್ಲ ಅಂತ ಮಾಡಿದ್ದೆ ಇದನ್ನು. ನಿನ್ನ ಅಡುಗೆಮನೆ ಯಾಕೆ ಹಾಗೇ ಉಳೀತು ಅಂದ್ರೆ ಅವಳು ಅಲ್ಲಿ ಕಾಲಿಡ್ಲಿಲ್ಲ. ಬಾಗಿಲಲ್ಲಿ ನಿಂತು ಸೆರಗು ಮೂಗಿಗೆ ಹಿಡಿದ್ಲು. ನೀನು ಹೋಗುವ ಗಡಿಬಿಡಿಯಲ್ಲೂ ಒಲೆ ಉಜ್ಜಿ ಬೆಳ್ಳಿ ಮಾಡಿಟ್ಟಿದ್ದಿ. ಆದ್ರೂ ಮೂಗು ಮುಚ್ಚಿದ್ಲು. ‘ಮೀನು ಬೇಯಿಸಿದ ಒಲೆಯಲ್ಲಿ ನಾನು ಅನ್ನ ಮಾಡುದಾ ರತ್ನಾ?’ ಅಂದ್ಲು. ನಾನು ಎಂತ ಹೇಳಿದೆ ಗೊತ್ತುಂಟಾ? ‘ಹೌದಕ್ಕ, ನಾನೂ ಈ ಮನೆಯಲ್ಲಿ ನೀರು ಮುಟ್ಟುದಿಲ್ಲ’ ಅಂದೆ.

ಆರು ವರ್ಷ ಅದೇ ಒಲೆಯ ಪಕ್ಕ ಸ್ಟೂಲಲ್ಲಿ ಕೂತು ನಿನ್ನ ಕೈಯ ಚಾ ಕುಡಿದವಳು ನಾನು.

ಅವರು ಹೋದ ಮೇಲೆ ಎಸಿ ಹಾಕಿದೆ. ಮಂಚದ ಹಿಂದೆ ಆಗಲೇ ಚುಕ್ಕೆ ಬಂದಿತ್ತು. ಒರೆಸಿ, ಬಖೂರ್ ಧೂಪದ ಹೊಗೆ ಹಾಕಿ, ಮಂಚವನ್ನು ಗೋಡೆಗೆ ಒತ್ತಿಟ್ಟೆ. ಮತ್ತೆ ಯಾವ ಶುಕ್ರವಾರವೂ ಬರ್ಲಿಲ್ಲ. ನೋಡ್ಲಿಕ್ಕೆ ಹೇಸಿಗೆ ಆಯ್ತು. ನೀನು ಬಂದ ದಿನ ಬಾಗಿಲು ತೆಗೆದಾಗಲೇ ನನಗೆ ವಾಸನೆ ಗೊತ್ತಾಯ್ತು. ಬತೂಲ್ ನಿನ್ನ ಹೆಗಲ ಮೇಲೆ ನಿದ್ದೆ ಮಾಡ್ತಿದ್ಲು. ಇವತ್ತೊಂದು ದಿನ ನಮ್ಮ ಮನೆಯಲ್ಲಿ ಮಲಗಿ ಅಂತ ಹೇಳಿದ್ರೆ ಸಾಕಿತ್ತು. ನೀನು ಅವಳನ್ನು ಈ ಹಾಸಿಗೆ ಮೇಲೆ ಮಲಗಿಸಿ ರಜಾಯಿ ಹೊದೆಸುದನ್ನು ನಾನು ಇಲ್ಲೇ ನಿಂತು ನೋಡಿದೆ. ನೋಡಿ, ಶುಭರಾತ್ರಿ ಹೇಳಿ ಹೋದೆ. ಇಲ್ಲಿ ಇಷ್ಟು ಗಲೀಜು ಉಂಟಲ್ಲ ರಮ್ಲತ್, ನನಗೆ ನನ್ನನ್ನು ಕಂಡೇ ವಾಕರಿಕೆ ಬರ್ತದೆ.

ಮತ್ತೆ ಫೋನ್. ಅವನೇ. ತೆಗಿ… ನನಗ್ಯಾಕೆ ಕೊಡ್ತಿ? ಬೇಡ. ನೀನು ಮಾತಾಡು, ನಾನು ಆಮೇಲೆ, ಅವನು ಯಾನ್ಬುವಿಂದ ಬಂದ ಮೇಲೆ ಸಾವಕಾಶ ಕೂತು… ಕೈ ತೆಗಿ ಮಾರಾಯ್ತಿ. ಹಾಗೆ ಹಿಡ್ಕೊಂಡೇ ನಿಲ್ಬೇಡ. ಒಂದು ಮಾತಾದ್ರೂ ಬೈ ನನಗೆ.

ಬೈಯುದಿಲ್ವಾ.

ಕೊಡು. ಇರು, ಗ್ಲೌಸ್ ತೆಗೀತೇನೆ.

ಹಲೋ… ಫವಾಝ್? ಅಲ್ಲ, ರಮ್ಲತ್ ಅಲ್ಲ. ನಾನು, ರತ್ನಕ್ಕ. ಹ್ಞೂ, ಇಲ್ಲೇ ನಿಂತಿದ್ದಾಳೆ… ಇಲ್ಲಪ್ಪ, ಟವೆಲ್ ಸಿಗ್ಲಿಲ್ಲ. ಅವಳು ಎಂತದೂ ಮರ್ತು ಹೋಗಿರ್ಲಿಲ್ಲ.